ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕಾರವಾದಾಗ ರೋಗಿಯ ಮುಂದಿರುವ ದಾರಿಗಳು

2023–24ನೇ ಸಾಲಿನಲ್ಲಿ ದೇಶದ ವಿಮಾ ಕಂಪನಿಗಳ ಮುಂದಿದ್ದ ಆರೋಗ್ಯ ವಿಮೆಯ ಕ್ಲೇಮ್‌ಗಳ ಒಟ್ಟು ಮೊತ್ತ ಸುಮಾರು ₹1.17 ಲಕ್ಷ ಕೋಟಿ. ಅದರಲ್ಲಿ ಪಾವತಿಯಾದದ್ದು ₹83,493 ಕೋಟಿ ಎಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ತನ್ನ ವಾರ್ಷಿಕ ವರದಿಯಲ್ಲಿ ಹೇಳಿದೆ. ₹10,937 ಕೋಟಿ ಮೊತ್ತದ ಕ್ಲೇಮ್‌ಗಳನ್ನು ಕಂಪನಿಗಳು ತಿರಸ್ಕರಿಸಿದವು. ಪಾಲಿಸಿಯ ಷರತ್ತುಗಳ ಪ್ರಕಾರ ಸಲ್ಲುವುದಿಲ್ಲವೆಂದು ಇನ್ನೂ ಸುಮಾರು ₹15,100 ಕೋಟಿಯನ್ನು ಕೊಡಲಿಲ್ಲ. ಉಳಿದದ್ದು ವರ್ಷದ ಕೊನೆಯಲ್ಲಿ ಬಾಕಿಯಾಗಿತ್ತು. ನೇರ ತಿರಸ್ಕಾರಕ್ಕಿಂತ ‘ಸಲ್ಲುವುದಿಲ್ಲ’ ಎಂಬ ಬಾಬತ್ತೇ ದೊಡ್ಡದಾಗಿರುವುದನ್ನು ಇಲ್ಲಿ ಗಮನಿಸಬೇಕು. ಇದರಲ್ಲಿ ನ್ಯಾಯವಾಗಿ ಕೊಡಬೇಕಾಗಿಲ್ಲದ ಹಣವೂ ಇದೆ, ಕೊಡಲೇಬೇಕಾಗಿದ್ದರೂ ರೋಗಿ ಕೇಳದ ಕಾರಣಕ್ಕೆ ಕಂಪನಿಯಲ್ಲೇ ಉಳಿದ ಹಣವೂ ಇದೆ. ಈ ಎರಡನ್ನು ಬೇರ್ಪಡಿಸಿ ನೋಡುವ ಶಕ್ತಿ ರೋಗಿಯ ಕಡೆಯವರಿಗೆ ಬರಬೇಕು ಎನ್ನುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಕ್ಯಾಶ್‌ಲೆಸ್ ಸೌಲಭ್ಯವನ್ನು, ಅಂದರೆ ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ವ್ಯವಸ್ಥೆಯನ್ನು, ನಿರಾಕರಿಸಿದರೆ ಕ್ಲೇಮ್ ತಿರಸ್ಕಾರವಾಯಿತು ಎಂದು ಅನೇಕರು ತಿಳಿದು, ಕೈಯಿಂದ ಹಣ ಕಟ್ಟಿ, ಅಲ್ಲಿಗೆ ಆ ಅಧ್ಯಾಯ ಮುಗಿಯಿತೆಂದು ಊರಿಗೆ ಮರಳುತ್ತಾರೆ. ಆಸ್ಪತ್ರೆ ಕಳುಹಿಸಿದ ವಿವರಗಳಲ್ಲಿ ಏನೋ ಸ್ಪಷ್ಟವಾಗಿಲ್ಲ, ಹೆಚ್ಚಿನ ಪರಿಶೀಲನೆ ಬೇಕು ಎಂಬ ಕಾರಣಕ್ಕೂ ಕ್ಯಾಶ್‌ಲೆಸ್ ನಿರಾಕರಣೆ ಆಗುತ್ತದೆ. ಅಂಥ ಸಂದರ್ಭದಲ್ಲಿ ಚಿಕಿತ್ಸೆ ಮುಗಿದ ನಂತರ ಮೂಲ ಬಿಲ್ಲು, ರಸೀದಿ, ಡಿಸ್ಚಾರ್ಜ್ ಸಮ್ಮರಿ, ಪರೀಕ್ಷಾ ವರದಿಗಳೊಂದಿಗೆ ಮರುಪಾವತಿಗೆ ಅರ್ಜಿ ಹಾಕುವ ಹಕ್ಕು ಪೂರ್ತಿಯಾಗಿ ಉಳಿದಿರುತ್ತದೆ, ಮತ್ತು ಅದೇ ಚಿಕಿತ್ಸೆಗೆ ಆಗ ಹಣ ಮಂಜೂರಾಗುವುದೂ ಉಂಟು. ಟಿಪಿಎ ಎಂದು ಕರೆಯಲಾಗುವ ಮಧ್ಯವರ್ತಿ ಸಂಸ್ಥೆ ಕಾಗದಪತ್ರಗಳನ್ನು ಪರಿಶೀಲಿಸುತ್ತದೆ ಅಷ್ಟೇ. ಕ್ಲೇಮ್ ಕೊಡುವುದಿಲ್ಲ ಎಂಬ ತೀರ್ಮಾನದ ಹೊಣೆ ವಿಮಾ ಕಂಪನಿಯದು. ಆದ್ದರಿಂದ ಆಸ್ಪತ್ರೆಯ ವಿಮಾ ಕೌಂಟರ್‌ನಲ್ಲಿ ಯಾರೋ ಬಾಯಿಮಾತಿನಲ್ಲಿ ‘ರಿಜೆಕ್ಟ್ ಆಗಿದೆ’ ಎಂದದ್ದನ್ನು ಕೊನೆಯ ಮಾತೆಂದು ತೆಗೆದುಕೊಳ್ಳಬಾರದು.

2024ರ ಮೇ 29ರಂದು ಐಆರ್‌ಡಿಎಐ ಹೊರಡಿಸಿದ ಮಾಸ್ಟರ್ ಸುತ್ತೋಲೆ ಈ ಹಂತದಲ್ಲಿ ರೋಗಿಗೆ ಗಟ್ಟಿಯಾದ ಆಧಾರ. ಕ್ಯಾಶ್‌ಲೆಸ್ ಕೋರಿಕೆ ತಲುಪಿದ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆಯನ್ನು ಆಸ್ಪತ್ರೆಯಿಂದ ಕೋರಿಕೆ ಬಂದ ಮೂರು ಗಂಟೆಗಳೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು. ಚಿಕಿತ್ಸೆಯ ನಡುವೆ ರೋಗಿ ಮೃತಪಟ್ಟರೆ ಕ್ಲೇಮನ್ನು ತಕ್ಷಣ ವಿಲೇವಾರಿ ಮಾಡಿ, ಪಾರ್ಥಿವ ಶರೀರ ಕೂಡಲೇ ಕುಟುಂಬಕ್ಕೆ ಸಿಗುವಂತೆ ನೋಡಿಕೊಳ್ಳಬೇಕು. ವೈದ್ಯರು ಬೆಳಗಿನ ರೌಂಡ್ಸ್‌ನಲ್ಲಿ ‘ಇವತ್ತು ಮನೆಗೆ ಹೋಗಬಹುದು’ ಎಂದು ಹೇಳಿ ಹೋದ ಮೇಲೆ, ಇಳಿಹೊತ್ತಾದರೂ ‘ಅಪ್ರೂವಲ್ ಬಂದಿಲ್ಲ’ ಎಂಬ ಉತ್ತರವನ್ನೇ ಕೇಳುತ್ತ ಕೂತಿರುವವರು ಒಂದು ಸಂಗತಿ ತಿಳಿದಿರಬೇಕು: ಮೂರು ಗಂಟೆಯ ಲೆಕ್ಕ ಶುರುವಾಗುವುದು ವೈದ್ಯರ ಮಾತಿನಿಂದಲ್ಲ, ಆಸ್ಪತ್ರೆಯಿಂದ ಅಂತಿಮ ಬಿಲ್ಲು ಕಂಪನಿಗೆ ಹೋದ ಹೊತ್ತಿನಿಂದ. ಎಷ್ಟೋ ಸಲ ಔಷಧ ವಿಭಾಗದ ಲೆಕ್ಕ ಮುಗಿಯದೆ ಆ ಬಿಲ್ಲು ಮಧ್ಯಾಹ್ನದವರೆಗೂ ಆಸ್ಪತ್ರೆಯಲ್ಲೇ ಉಳಿದಿರುತ್ತದೆ. ಬಿಲ್ಲು ಯಾವ ಹೊತ್ತಿಗೆ ಹೋಯಿತು, ಮರುಪ್ರಶ್ನೆ ಯಾವಾಗ ಬಂತು, ಅದಕ್ಕೆ ಆಸ್ಪತ್ರೆ ಯಾವಾಗ ಉತ್ತರಿಸಿತು ಎಂದು ಕೌಂಟರ್‌ನಲ್ಲಿ ಕೇಳಿ ಬರೆದಿಟ್ಟುಕೊಂಡರೆ, ವಿಳಂಬ ಯಾರದು ಎಂಬ ಪ್ರಶ್ನೆ ಮುಂದೆ ಬಂದಾಗ ಕೈಯಲ್ಲಿ ಉತ್ತರವಿರುತ್ತದೆ.

ಕ್ಲೇಮ್ ನಿಜವಾಗಿಯೂ ತಿರಸ್ಕಾರವಾದರೆ ಅದಕ್ಕೆ ಲಿಖಿತ ಪತ್ರ ಬರಬೇಕು, ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂಬುದನ್ನು ಆ ಪತ್ರ ನಿರ್ದಿಷ್ಟವಾಗಿ ಹೇಳಬೇಕು. ಕಂಪನಿಯೊಳಗಿನ ಉತ್ಪನ್ನ ನಿರ್ವಹಣಾ ಸಮಿತಿ ಅಥವಾ ಅದರ ಮೂವರು ಸದಸ್ಯರ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ ಎಂದು ಅದೇ ಸುತ್ತೋಲೆ ಹೇಳುತ್ತದೆ. ‘ಪಾಲಿಸಿಯ ನಿಯಮಗಳಿಗೆ ಅನುಗುಣವಾಗಿಲ್ಲ’ ಎಂಬ ಒಂದೇ ಸಾಲಿನ ಇಮೇಲ್ ಬಂದರೆ, ಷರತ್ತಿನ ಸಂಖ್ಯೆ ಯಾವುದು, ಸಮಿತಿ ಯಾವ ದಿನ ಒಪ್ಪಿತು, ಯಾವ ದಾಖಲೆಯನ್ನು ನಂಬಿ ಈ ತೀರ್ಮಾನಕ್ಕೆ ಬರಲಾಯಿತು ಎಂದು ಇಮೇಲ್‌ನಲ್ಲೇ ಕೇಳಬೇಕು. ಈ ಕೇಳಿಕೆ ಕೇವಲ ಶಿಷ್ಟಾಚಾರವಲ್ಲ. ತಿರಸ್ಕಾರ ಪತ್ರದಲ್ಲಿ ಇಲ್ಲದ ಹೊಸ ಕಾರಣವನ್ನು ಕಂಪನಿ ಆಮೇಲೆ ಗ್ರಾಹಕ ಆಯೋಗದ ಮುಂದೆ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ವಿಮಾ ಪ್ರಕರಣಗಳಲ್ಲಿ ಹೇಳಿದೆ. ಕಂಪನಿಯನ್ನು ತಾನೇ ಬರೆದ ಕಾರಣಕ್ಕೆ ಕಟ್ಟಿಹಾಕುವ ದಾಖಲೆಯೆಂದರೆ ಈ ಪತ್ರವೇ.

2019ರಲ್ಲಿ ಐಆರ್‌ಡಿಎಐ ಹೊರಗಿಡುವಿಕೆಯ ಷರತ್ತುಗಳಿಗೆ, ಅಂದರೆ ಯಾವುದಕ್ಕೆ ಹಣ ಸಿಗುವುದಿಲ್ಲ ಎಂದು ಹೇಳುವ ಷರತ್ತುಗಳಿಗೆ, ಏಕರೂಪದ ಪದಬಳಕೆ ಮತ್ತು ಸಂಕೇತ ಸಂಖ್ಯೆಗಳನ್ನು ಕೊಟ್ಟಿತು. ‘ಎಕ್ಸ್‌ಸಿಎಲ್ 01’ ಎಂದರೆ ಪಾಲಿಸಿಗೆ ಮುಂಚಿನಿಂದ ಇರುವ ಕಾಯಿಲೆ. 02 ಎಂದರೆ ಕಣ್ಣಿನ ಪೊರೆ, ಹರ್ನಿಯಾದಂಥ ಹೆಸರಿಸಿದ ಕಾಯಿಲೆಗಳ ಕಾಯುವ ಅವಧಿ, ಅಂದರೆ ಪಾಲಿಸಿ ಶುರುವಾದ ಮೇಲೆ ಅವಕ್ಕೆ ಹಣ ಸಿಗದ ಅವಧಿ. 03 ಎಂದರೆ ಪಾಲಿಸಿಯ ಮೊದಲ 30 ದಿನಗಳ ಕಾಯುವ ಅವಧಿ. 04 ಎಂದರೆ ಕೇವಲ ತಪಾಸಣೆಗಾಗಿ ಆದ ದಾಖಲಾತಿ. ಯಾವ ಕಂಪನಿಯ ಪಾಲಿಸಿಯಾದರೂ ಈ ಸಂಕೇತಗಳು ಅವೇ ಆಗಿರುವುದರಿಂದ, ಪತ್ರದಲ್ಲಿ ಸಂಖ್ಯೆ ಕಂಡ ಕೂಡಲೇ ಪಾಲಿಸಿಯಲ್ಲಿ ಆ ಷರತ್ತಿನ ಪೂರ್ಣ ಪಾಠವನ್ನು ತೆರೆದು ಓದಬೇಕು.

ಹೆಚ್ಚು ಜಗಳ ನಡೆಯುವುದು ಮುಂಚಿನಿಂದ ಇದ್ದ ಕಾಯಿಲೆಯ ಸುತ್ತ. ಅದರ ಮೂಲ ಎಷ್ಟೋ ಸಲ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬರೆದ ಒಂದು ಸಾಲಿನಲ್ಲಿರುತ್ತದೆ. ಹಾಸನದ ಕಡೆಯ 58 ವರ್ಷದ ವ್ಯಕ್ತಿಯೊಬ್ಬರನ್ನು ನಡುರಾತ್ರಿ ಎದೆನೋವೆಂದು ಬೆಂಗಳೂರಿನ ಆಸ್ಪತ್ರೆಗೆ ಕರೆತಂದರು ಎಂದಿಟ್ಟುಕೊಳ್ಳೋಣ. ಕರ್ತವ್ಯದಲ್ಲಿರುವ ಕಿರಿಯ ವೈದ್ಯರು ‘ಬಿಪಿ, ಶುಗರ್ ಇದೆಯಾ? ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ. ರೋಗಿ ಮಾತಾಡುವ ಸ್ಥಿತಿಯಲ್ಲಿಲ್ಲ. ಗಾಬರಿಯಲ್ಲಿರುವ ಅಳಿಯನೋ ತಮ್ಮನೋ ‘ಬಿಪಿ ಇದೆ ಸಾರ್, ಸುಮಾರು ವರ್ಷ ಆಯ್ತು’ ಎನ್ನುತ್ತಾರೆ. ಕೇಸ್ ಶೀಟಿನಲ್ಲಿ ಅದು ‘ಹತ್ತು ವರ್ಷಗಳಿಂದ ರಕ್ತದೊತ್ತಡ’ ಎಂದಾಗುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ ಹಾಗೆಯೇ ನಕಲಾಗುತ್ತದೆ. ಪಾಲಿಸಿ ಮಾಡಿಸಿ ನಾಲ್ಕು ವರ್ಷವಾಗಿದ್ದರೆ, ಪಾಲಿಸಿ ಕೋರಿ ತುಂಬಿದ ಅರ್ಜಿಯಾದ ಪ್ರಪೋಸಲ್ ಫಾರಂನಲ್ಲಿ ರಕ್ತದೊತ್ತಡದ ಪ್ರಶ್ನೆಗೆ ‘ಇಲ್ಲ’ ಎಂದಿದ್ದರೆ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟಿದ್ದೀರಿ ಎಂಬ ಪತ್ರ ಬರಲು ಇಷ್ಟು ಸಾಕು. ಯಾರೂ ಅಳೆದು ನೋಡದ, ಯಾವ ವೈದ್ಯರ ಚೀಟಿಯ ಬೆಂಬಲವೂ ಇಲ್ಲದ ಆ ‘ಹತ್ತು’ ಎಂಬ ಅಂಕಿಯ ಮೇಲೆ ಲಕ್ಷಾಂತರ ರೂಪಾಯಿಗಳ ತೀರ್ಮಾನ ನಿಂತುಬಿಡುತ್ತದೆ.

ಇದನ್ನು ತಡೆಯಲು ಸರಿಯಾದ ಸಮಯವೆಂದರೆ ಆಸ್ಪತ್ರೆಯಲ್ಲಿ ಇರುವಾಗಲೇ. ಡಿಸ್ಚಾರ್ಜ್ ಸಮ್ಮರಿಯ ಕರಡನ್ನು ಮನೆಯಲ್ಲಿ ಓದು ಬಲ್ಲವರೊಬ್ಬರು ಕೂತು ಓದಬೇಕು, ಕಾಯಿಲೆಯ ಹಿನ್ನೆಲೆಯ ಸಾಲುಗಳಲ್ಲಿ ತಪ್ಪಿದ್ದರೆ ಸಹಿ ಬೀಳುವ ಮುಂಚೆ ಚಿಕಿತ್ಸೆ ನೀಡಿದ ವೈದ್ಯರ ಗಮನಕ್ಕೆ ತರಬೇಕು. ಆಮೇಲೆ ಗೊತ್ತಾದರೂ ದಾರಿ ಮುಚ್ಚಿಲ್ಲ: ಆ ಮಾಹಿತಿ ಸಂಬಂಧಿಕರ ಬಾಯಿಂದ ಬಂದದ್ದು, ಹಳೆಯ ದಾಖಲೆ ನೋಡಿ ಬರೆದದ್ದಲ್ಲ ಎಂದು ವೈದ್ಯರಿಂದ ಸ್ಪಷ್ಟೀಕರಣ ಪತ್ರ ಪಡೆಯಬಹುದು. ಪ್ರಾಮಾಣಿಕ ವೈದ್ಯರು ನಿಜವನ್ನು ಬರೆದುಕೊಡಲು ಹಿಂಜರಿಯುವುದಿಲ್ಲ. ನಿಜವಲ್ಲದ್ದನ್ನು ಬರೆಸಲು ಮಾತ್ರ ಯಾರೂ ಹೋಗಬಾರದು, ಏಕೆಂದರೆ ತಿದ್ದಿದ ದಾಖಲೆ ಒಮ್ಮೆ ಬಯಲಾದರೆ ನ್ಯಾಯವಾದ ಕ್ಲೇಮ್ ಕೂಡ ವಂಚನೆಯ ಲೆಕ್ಕಕ್ಕೆ ಸೇರುತ್ತದೆ. ವೈದ್ಯಕೀಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ರೋಗಿಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು ಹೇಳುತ್ತವೆ. ಡಿಸ್ಚಾರ್ಜ್ ಸಮ್ಮರಿಯಷ್ಟಕ್ಕೇ ತೃಪ್ತರಾಗದೆ, ಒಳರೋಗಿಯ ಪೂರ್ತಿ ಕೇಸ್ ಶೀಟಿನ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು. ಕಂಪನಿಯ ತನಿಖಾಧಿಕಾರಿ ವಾರ್ಡಿಗೋ ಮನೆಗೋ ಬಂದು ಹೇಳಿಕೆ ಬರೆಸಿಕೊಂಡರೆ, ಓದದೆ ಸಹಿ ಹಾಕಬಾರದು. ಓದಿ ಸಹಿ ಹಾಕಿದ ಮೇಲೆ ಫೋನಿನಲ್ಲಿ ಅದರ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಕಾನೂನಿನ ದೃಷ್ಟಿಯಲ್ಲಿ ಮುಂಚಿನಿಂದ ಇರುವ ಕಾಯಿಲೆ ಎಂದರೆ ದೇಹದಲ್ಲಿ ಎಂದೋ ಮೊಳಕೆಯೊಡೆದಿರಬಹುದಾದ ಕಾಯಿಲೆ ಎಂದರ್ಥವಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಪಾಲಿಸಿ ಆರಂಭವಾಗುವ ಮುಂಚಿನ 36 ತಿಂಗಳೊಳಗೆ ವೈದ್ಯರು ಪತ್ತೆಹಚ್ಚಿದ್ದ ಅಥವಾ ವೈದ್ಯಕೀಯ ಸಲಹೆ, ಚಿಕಿತ್ಸೆ ಸೂಚಿಸಿದ್ದ ಕಾಯಿಲೆ ಮಾತ್ರ ಈ ವ್ಯಾಖ್ಯೆಯೊಳಗೆ ಬರುತ್ತದೆ. ಹೃದಯದ ರಕ್ತನಾಳ ಮುಚ್ಚಿಕೊಳ್ಳಲು ವರ್ಷಗಳೇ ಬೇಕು, ಆದ್ದರಿಂದ ನಿಮ್ಮ ಕಾಯಿಲೆ ಪಾಲಿಸಿಗಿಂತ ಹಳೆಯದು ಎಂಬ ವೈದ್ಯಕೀಯ ಊಹೆ ಈ ವ್ಯಾಖ್ಯೆಗೆ ಸಾಲುವುದಿಲ್ಲ. ಅದೇ ನಿಯಮಗಳು ಇಂಥ ಕಾಯಿಲೆಗಳ ಗರಿಷ್ಠ ಕಾಯುವ ಅವಧಿಯನ್ನು 48 ತಿಂಗಳಿನಿಂದ 36 ತಿಂಗಳಿಗೆ ಇಳಿಸಿದವು. ಅದಕ್ಕಿಂತ ಮಹತ್ವದ್ದು ಮೊರಟೋರಿಯಂ ಅವಧಿ. ಪಾಲಿಸಿ 60 ತಿಂಗಳು ಕಡಿತವಿಲ್ಲದೆ ನಡೆದಿದ್ದರೆ, ಮಾಹಿತಿ ಮುಚ್ಚಿಟ್ಟರು ಅಥವಾ ತಪ್ಪಾಗಿ ಹೇಳಿದರು ಎಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ವಿನಾಯಿತಿ. ಮೊದಲು ಇದು ಎಂಟು ವರ್ಷವಾಗಿತ್ತು. ವಿಮಾ ಮೊತ್ತವನ್ನು ನಡುವೆ ಹೆಚ್ಚಿಸಿಕೊಂಡಿದ್ದರೆ ಹೆಚ್ಚಿಸಿದ ಭಾಗಕ್ಕೆ ಐದು ವರ್ಷದ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ ಎಂಬುದನ್ನು ಮರೆಯಬಾರದು. ಆರನೇ ವರ್ಷದಲ್ಲಿರುವ ಪಾಲಿಸಿದಾರರಿಗೂ ಮಾಹಿತಿ ಮುಚ್ಚಿಟ್ಟ ಆರೋಪದ ಪತ್ರ ಬಂದರೆ, ಉತ್ತರದ ಮೊದಲ ಸಾಲಿನಲ್ಲೇ ಈ ನಿಯಮವನ್ನು ಎತ್ತಬೇಕು.

ನ್ಯಾಯಾಲಯಗಳು ಈ ವಿಷಯದಲ್ಲಿ ಏಕಪಕ್ಷೀಯವಾಗಿಲ್ಲ. ವಿಮೆ ಪರಸ್ಪರ ನಂಬಿಕೆಯ ಕರಾರು, ಕಂಪನಿಯ ತೀರ್ಮಾನದ ಮೇಲೆ ಪ್ರಭಾವ ಬೀರಬಹುದಾದ ಸಂಗತಿಯನ್ನು ಹೇಳಲೇಬೇಕು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಸ್ಪಷ್ಟವಾಗಿ ಹೇಳಿ, ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆಯನ್ನು ತಿಳಿಸದಿದ್ದ ಪ್ರಕರಣವೊಂದರಲ್ಲಿ ಕಂಪನಿಯ ಪರವಾಗಿ ನಿಂತಿತು. ಇದಕ್ಕೆ ಪೂರಕವಾದ ಇನ್ನೊಂದು ಮುಖ 2021ರ ಡಿಸೆಂಬರ್‌ನ ತೀರ್ಪಿನಲ್ಲಿದೆ. ಅಮೆರಿಕಕ್ಕೆ ಹೊರಟಿದ್ದ ವ್ಯಕ್ತಿಯೊಬ್ಬರು ಮಧುಮೇಹ ಇರುವುದನ್ನು ಹೇಳಿಯೇ ಪ್ರಯಾಣದ ಆರೋಗ್ಯ ಪಾಲಿಸಿ ಪಡೆದಿದ್ದರು. ಅಲ್ಲಿ ಹೃದಯಾಘಾತವಾಗಿ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡಾಗ, ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯ ವಿಷಯ ಹೇಳಿರಲಿಲ್ಲವೆಂದು ಕಂಪನಿ ಹಣ ನಿರಾಕರಿಸಿತು. ರೋಗಿ ಹೇಳಿದ ಆರೋಗ್ಯ ಸ್ಥಿತಿಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯನ್ನು ಕಾರಣ ಮಾಡಿ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಕೋರ್ಟ್ ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ಹಾದಿ ಸ್ಪಷ್ಟವಾಗುತ್ತದೆ: ಹೇಳಿದವರಿಗೆ ರಕ್ಷಣೆ ಹೆಚ್ಚು, ಮರೆಮಾಚಿದವರಿಗೆ ಕಡಿಮೆ. ಹೊರಗಿಡುವ ಷರತ್ತು ಅನ್ವಯಿಸುತ್ತದೆ ಎಂದು ತೋರಿಸುವ ಹೊಣೆ ಕಂಪನಿಯದು ಎಂಬುದೂ ಸ್ಥಾಪಿತವಾದ ಕಾನೂನು.

ಇಲ್ಲಿ ಏಜೆಂಟರ ಪಾತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಊರುಗಳಲ್ಲಿ ಪ್ರಪೋಸಲ್ ಫಾರಂ ಭರ್ತಿ ಮಾಡುವವರು ಸಾಮಾನ್ಯವಾಗಿ ಪಾಲಿಸಿದಾರರಲ್ಲ. ‘ಬಿಪಿ ಅಂತ ಬರೆದರೆ ಪ್ರೀಮಿಯಂ ಜಾಸ್ತಿಯಾಗುತ್ತೆ, ಬಿಡಿ’ ಎಂಬ ಸಲಹೆಯನ್ನು ಕೇಳದ ಮನೆ ಕಡಿಮೆ. ಏಜೆಂಟರಿಗೆ ಕಮಿಷನ್ ಸಿಗುವುದು ಪಾಲಿಸಿ ಮಾಡಿಸಿದ್ದಕ್ಕೆ. ಕ್ಲೇಮ್ ಬಿದ್ದುಹೋದರೆ ಅನುಭವಿಸುವವರು ಸಹಿ ಹಾಕಿದವರು. ಪಾಲಿಸಿಯ ಜೊತೆ ಪ್ರಪೋಸಲ್ ಫಾರಂನ ಪ್ರತಿಯನ್ನೂ ಕೊಡಬೇಕೆಂಬ ನಿಯಮವಿದೆ, ಪಾಲಿಸಿ ಕೈಸೇರಿದ ದಿನದಿಂದ ಓದಿ ಬೇಡವೆನಿಸಿದರೆ ಪಾಲಿಸಿಯನ್ನು ಹಿಂದಿರುಗಿಸಬಹುದಾದ 30 ದಿನಗಳ ಫ್ರೀ ಲುಕ್ ಅವಧಿಯೂ ಇದೆ. ಆ ತಿಂಗಳಲ್ಲಿ ಫಾರಂ ಓದಿ, ತಪ್ಪಿದ್ದರೆ ಇಮೇಲ್ ಮೂಲಕ ತಿದ್ದಿಸಿಕೊಂಡರೆ ಐದು ವರ್ಷದ ತಲೆನೋವು ತಪ್ಪುತ್ತದೆ. ಷರತ್ತುಗಳ ಸಾರವನ್ನು ಸರಳವಾಗಿ ಕೊಡುವ ಗ್ರಾಹಕ ಮಾಹಿತಿ ಪತ್ರವನ್ನು ಬಯಸಿದವರಿಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ಐಆರ್‌ಡಿಎಐ ಹೇಳಿದೆ. ಅದನ್ನು ಕನ್ನಡದಲ್ಲಿ ಕೇಳಿ ಪಡೆಯುವವರು ಹೆಚ್ಚಾಗಬೇಕು, ಕೇಳುವವರಿಲ್ಲದೆ ಈ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಎರಡನೆಯ ದೊಡ್ಡ ಗುಂಪು ‘ದಾಖಲಾಗುವ ಅಗತ್ಯವಿರಲಿಲ್ಲ’ ಎಂಬ ತಿರಸ್ಕಾರಗಳದ್ದು. ಡೆಂಗಿ ಜ್ವರವೋ ಹೊಟ್ಟೆನೋವೋ ಬಂದು ಮೂರು ದಿನ ಆಸ್ಪತ್ರೆಯಲ್ಲಿದ್ದವರಿಗೆ, ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು, ತಪಾಸಣೆಗೆಂದೇ ದಾಖಲಾಗಿದ್ದೀರಿ ಎಂಬ ಉತ್ತರ ಬರುತ್ತದೆ. ಇಂಥ ವಿವಾದದಲ್ಲಿ ವಾದಕ್ಕಿಂತ ಅಂಕಿ ಮುಖ್ಯ. ದಾಖಲಾದ ದಿನದ ಜ್ವರದ ಪಟ್ಟಿ, ರಕ್ತದೊತ್ತಡ, ಪ್ಲೇಟ್‌ಲೆಟ್ ಎಣಿಕೆ ಇಳಿದ ಕ್ರಮ, ರಕ್ತನಾಳದ ಮೂಲಕ ಕೊಟ್ಟ ದ್ರವ ಮತ್ತು ಔಷಧಗಳ ದಾಖಲೆ, ಬಾಯಿಯಿಂದ ಏನೂ ಒಳಹೋಗುತ್ತಿರಲಿಲ್ಲ ಎಂಬ ದಾದಿಯರ ಟಿಪ್ಪಣಿ ಇವೆಲ್ಲ ಕೇಸ್ ಶೀಟಿನಲ್ಲಿರುತ್ತವೆ. ಹೊರರೋಗಿಯಾಗಿ ಚಿಕಿತ್ಸೆ ನೀಡುವುದು ಏಕೆ ಅಪಾಯಕರವಾಗಿತ್ತು ಎಂದು ವೈದ್ಯರು ಅರ್ಧ ಪುಟ ಬರೆದುಕೊಟ್ಟರೆ, ರೋಗಿಯನ್ನು ಕಣ್ಣಿಂದ ನೋಡದ ಕಂಪನಿಯ ಕಚೇರಿ ವೈದ್ಯರ ಅಭಿಪ್ರಾಯದ ತೂಕ ತಾನಾಗಿ ಇಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ತಿರಸ್ಕಾರಗಳಲ್ಲೇ ಅತ್ಯಂತ ಅನ್ಯಾಯದ ಬಗೆ. ದಾಖಲಾಗಿ ಎಂದು ವೈದ್ಯರು ಹೇಳಿದಾಗ ಬೇಡವೆನ್ನುವ ಜ್ಞಾನವಾಗಲಿ ಧೈರ್ಯವಾಗಲಿ ರೋಗಿಗೆ ಇರುವುದಿಲ್ಲ, ಆದರೆ ಆ ನಿರ್ಧಾರದ ಆರ್ಥಿಕ ಶಿಕ್ಷೆ ಬೀಳುವುದು ಆತನ ಮೇಲೆಯೇ.

ಇನ್ನು ಕಡಿತದ ವಿಷಯ. ಕ್ಲೇಮ್ ‘ಸೆಟ್ಲ್ ಆಯಿತು’ ಎಂಬ ಸಂದೇಶ ಬಂದಾಗ ಸಮಾಧಾನದಿಂದ ಉಸಿರು ಬಿಡುವವರು, ಕೊಟ್ಟ ಹಣಕ್ಕೂ ಬಿಲ್ಲಿಗೂ ಇರುವ ಅಂತರವನ್ನು ಕೂಡಿ ಕಳೆದು ನೋಡುವುದು ಅಪರೂಪ. ಕೈಗವಸು, ಮಾಸ್ಕ್‌ನಂಥ 68 ಬಾಬತ್ತುಗಳ ಪಟ್ಟಿಯೊಂದಿದ್ದು, ಪಾಲಿಸಿಯಲ್ಲಿ ಬೇರೆ ವ್ಯವಸ್ಥೆ ಇಲ್ಲದಿದ್ದರೆ ಅವಕ್ಕೆ ಹಣ ಸಿಗುವುದಿಲ್ಲ. ಅಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಜಗಳವಾಡಬೇಕಾದದ್ದು ಕೊಠಡಿ ಬಾಡಿಗೆಯ ಅನುಪಾತದ ಕಡಿತದಲ್ಲಿ, ಅಂದರೆ ಬಾಡಿಗೆ ಮಿತಿ ಮೀರಿದಷ್ಟೇ ಪ್ರಮಾಣದಲ್ಲಿ ಉಳಿದ ಬಾಬತ್ತುಗಳನ್ನೂ ಕಡಿಯುವಲ್ಲಿ. ಪಾಲಿಸಿಯಲ್ಲಿ ದಿನಕ್ಕೆ ₹5,000 ಮಿತಿಯಿದ್ದು ರೋಗಿ ₹8,000ದ ಕೊಠಡಿಯಲ್ಲಿ ನಾಲ್ಕು ದಿನ ಇದ್ದರೆಂದು ಭಾವಿಸಿ. ಕೊಠಡಿಯ ₹32,000, ಶಸ್ತ್ರಚಿಕಿತ್ಸಕರು, ಅರಿವಳಿಕೆ, ಥಿಯೇಟರ್, ಶುಶ್ರೂಷೆ ಸೇರಿ ₹1,20,000, ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ₹1,10,000, ಒಟ್ಟು ₹2,62,000. ಕಂಪನಿ ಇಡೀ ಬಿಲ್ಲನ್ನೇ ಎಂಟರಲ್ಲಿ ಐದು ಭಾಗಕ್ಕೆ ಇಳಿಸಿದರೆ ಸಿಗುವುದು ₹1,63,750. ಆದರೆ 2020ರ ಐಆರ್‌ಡಿಎಐ ಮಾರ್ಗಸೂಚಿಯ ಪ್ರಕಾರ ಔಷಧ, ಬಳಕೆ ಸಾಮಗ್ರಿ, ಇಂಪ್ಲಾಂಟ್, ವೈದ್ಯಕೀಯ ಸಾಧನ ಮತ್ತು ತಪಾಸಣೆಯ ವೆಚ್ಚಕ್ಕೆ ಈ ಅನುಪಾತ ಹಾಕುವಂತಿಲ್ಲ; ಐಸಿಯು ಶುಲ್ಕಕ್ಕೂ ಹಾಕುವಂತಿಲ್ಲ; ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಬದಲಾಯಿಸದ ಆಸ್ಪತ್ರೆಯಲ್ಲಂತೂ ಅನುಪಾತದ ಪ್ರಶ್ನೆಯೇ ಬರುವುದಿಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಕೊಠಡಿಗೆ ₹20,000, ಶಸ್ತ್ರಚಿಕಿತ್ಸೆಯ ಬಾಬತ್ತಿಗೆ ₹75,000, ಔಷಧ ಮತ್ತು ಪರೀಕ್ಷೆಗಳಿಗೆ ಪೂರ್ತಿ ₹1,10,000 ಸೇರಿ ₹2,05,000 ಸಿಗಬೇಕು. ವ್ಯತ್ಯಾಸ ₹41,250. ಕಡಿತದ ಬಾಬತ್ತುವಾರು ವಿವರ ಕೊಡಿ ಎಂದು ಕೇಳಿದರಷ್ಟೇ ಈ ವ್ಯತ್ಯಾಸ ಕಣ್ಣಿಗೆ ಬೀಳುವುದು.

ದೂರಿನ ದಾರಿ ಆರಂಭವಾಗುವುದು ಕಂಪನಿಯ ಕುಂದುಕೊರತೆ ಅಧಿಕಾರಿಯಿಂದ. ಅವರ ಇಮೇಲ್ ವಿಳಾಸ ಪಾಲಿಸಿಯಲ್ಲೇ ಇರುತ್ತದೆ. ದೂರು ಎರಡು ಪುಟ ಮೀರಬಾರದು: ಪಾಲಿಸಿ ಮತ್ತು ಕ್ಲೇಮ್ ಸಂಖ್ಯೆ, ದಿನಾಂಕಗಳ ಅನುಕ್ರಮ, ಕಂಪನಿ ಎತ್ತಿದ ಷರತ್ತಿನ ಯಥಾವತ್ ಪಾಠ, ಅದು ಏಕೆ ಅನ್ವಯಿಸುವುದಿಲ್ಲ ಎಂಬ ಕಾರಣ, ಅದಕ್ಕೆ ಆಧಾರವಾದ ದಾಖಲೆಯ ಪುಟಸಂಖ್ಯೆ, ಕೊಡಬೇಕಾದ ಮೊತ್ತ. ಕೋಪ, ಸಂಕಟಗಳು ಸಹಜವೇ ಆದರೂ ಅವು ತುಂಬಿದ ಪತ್ರದಲ್ಲಿ ಮುಖ್ಯ ದಾಖಲೆ ಮರೆಯಾಗುತ್ತದೆ. ಎರಡು ವಾರದಲ್ಲಿ ಪರಿಹಾರ ಸಿಗದಿದ್ದರೆ ಐಆರ್‌ಡಿಎಐನ ‘ಬೀಮಾ ಭರೋಸಾ’ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಈ ಪೋರ್ಟಲ್ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೇ ಕಳುಹಿಸಿ ಉತ್ತರದ ಮೇಲೆ ನಿಗಾ ಇಡುತ್ತದೆ. ಅದರಿಂದ ಹೆಚ್ಚು ನಿರೀಕ್ಷಿಸದಿದ್ದರೂ, ದೂರು ಕೊಟ್ಟ ದಿನಾಂಕಕ್ಕೆ ಅದೊಂದು ಗಟ್ಟಿ ಪುರಾವೆ.

ನಿಜವಾದ ನಿರ್ಣಯ ಸಿಗುವುದು ವಿಮಾ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್ ಬಳಿ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ದೂರನ್ನು ಆನ್‌ಲೈನ್‌ನಲ್ಲೂ ಕೊಡಬಹುದು, ವಿಚಾರಣೆ ವಿಡಿಯೊ ಮೂಲಕವೂ ನಡೆಯುತ್ತದೆ. ಬೀದರ್ ಅಥವಾ ಕಾರವಾರದ ರೋಗಿ ಬೆಂಗಳೂರಿಗೆ ಓಡಾಡಬೇಕಾಗಿಲ್ಲ. ₹50 ಲಕ್ಷದವರೆಗಿನ ವಿವಾದಗಳು ಇಲ್ಲಿ ಬರುತ್ತವೆ. ಉದ್ಯೋಗದಾತರು ಮಾಡಿಸಿದ ಗುಂಪು ಪಾಲಿಸಿಯವರಿಗೂ ಈ ಬಾಗಿಲು ತೆರೆದಿದೆ ಎಂಬುದು ಬೆಂಗಳೂರಿನ ಎಷ್ಟೋ ನೌಕರರಿಗೆ ಗೊತ್ತಿಲ್ಲ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು, ಅದು ತಿರಸ್ಕರಿಸಿರಬೇಕು ಅಥವಾ ಒಂದು ತಿಂಗಳು ಸುಮ್ಮನಿದ್ದಿರಬೇಕು, ತಿರಸ್ಕಾರದಿಂದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್ ಬಳಿ ಹೋಗಬೇಕು. ಅಗತ್ಯ ದಾಖಲೆಗಳೆಲ್ಲ ತಲುಪಿದ ಮೂರು ತಿಂಗಳೊಳಗೆ ತೀರ್ಪು ಬರಬೇಕು. ಆ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ರೋಗಿಯನ್ನಲ್ಲ. 30 ದಿನಗಳಲ್ಲಿ ಪಾಲಿಸದಿದ್ದರೆ ದೂರುದಾರರಿಗೆ ದಿನಕ್ಕೆ ₹5,000 ದಂಡ ಕೊಡಬೇಕೆಂದು 2024ರ ಸುತ್ತೋಲೆ ಹೇಳುತ್ತದೆ.

ಗ್ರಾಹಕ ಆಯೋಗ ಇನ್ನೊಂದು ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರೋಗಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಅದಕ್ಕೆ ಎರಡು ವರ್ಷದ ಕಾಲಮಿತಿ. ಯಾವ ಹಂತದ ಆಯೋಗ ಎಂಬುದು ಕ್ಲೇಮ್ ಮೊತ್ತದ ಮೇಲಲ್ಲ, ಕಟ್ಟಿದ ಪ್ರೀಮಿಯಂ ಮೇಲೆ ನಿರ್ಧಾರವಾಗುವುದರಿಂದ ಬಹುತೇಕ ಎಲ್ಲ ಆರೋಗ್ಯ ವಿಮೆಯ ದೂರುಗಳೂ ಜಿಲ್ಲಾ ಆಯೋಗದಲ್ಲೇ ಬರುತ್ತವೆ. ₹5 ಲಕ್ಷದೊಳಗೆ ಪ್ರೀಮಿಯಂ ಕಟ್ಟಿದವರಿಗೆ ಶುಲ್ಕವೂ ಇಲ್ಲ. ಒಂಬುಡ್ಸ್‌ಮನ್ ಕೊಡಿಸುವುದು ಆದ ನಷ್ಟದ ಮಟ್ಟಿಗೆ ಮಾತ್ರ. ಆಯೋಗ ಮಾನಸಿಕ ಯಾತನೆಗೆ ಪರಿಹಾರ ಮತ್ತು ದಾವೆಯ ಖರ್ಚನ್ನೂ ಕೊಡಿಸಬಲ್ಲದು. ಆದರೆ ಕಾಯ್ದೆ ಹೇಳುವ ಮೂರು ತಿಂಗಳಲ್ಲಿ ಪ್ರಕರಣ ಮುಗಿಯುವುದು ವಿರಳ, ಗೆದ್ದರೂ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಒಮ್ಮೆ ಆಯೋಗದ ಮೆಟ್ಟಿಲೇರಿದ ಪ್ರಕರಣವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಒಂಬುಡ್ಸ್‌ಮನ್ ತೀರ್ಪು ಒಪ್ಪಿಗೆಯಾಗದ ರೋಗಿ ಆಯೋಗಕ್ಕೆ ಹೋಗಬಹುದು. ಹಾಗಾಗಿ ಸಾಮಾನ್ಯ ಕುಟುಂಬಕ್ಕೆ ಒಂಬುಡ್ಸ್‌ಮನ್ ಬಳಿ ಮೊದಲು ಹೋಗುವುದೇ ಸರಿಯೆಂದು ನಾನು ನಂಬುತ್ತೇನೆ, ಎರಡು ವರ್ಷದ ಗಡುವನ್ನು ಮಾತ್ರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಂಡಿರಬೇಕು. ಸಾಕ್ಷಿಗಳ ಪಾಟೀಸವಾಲು ಬೇಕಾಗುವಷ್ಟು ಜಟಿಲವಾದ, ಅಥವಾ ಆಸ್ಪತ್ರೆಯ ಲೋಪವೂ ಬೆರೆತಿರುವ ಪ್ರಕರಣಗಳಲ್ಲಿ ನೇರವಾಗಿ ಆಯೋಗವೇ ಸೂಕ್ತ.

ಸರ್ಕಾರಿ ಯೋಜನೆಗಳ ಲೆಕ್ಕ ಬೇರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಅಲ್ಲಿ ವಿಮಾ ಕಂಪನಿಯೇ ಇಲ್ಲದ ಕಾರಣ ಒಂಬುಡ್ಸ್‌ಮನ್ ದಾರಿ ಅನ್ವಯಿಸುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ ₹1.5 ಲಕ್ಷದವರೆಗೆ ನೆರವಿದೆ. ಇಲ್ಲಿ ನಿರಾಕರಣೆ ಎದುರಾಗುವುದು ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದಿದ್ದಾಗ. ಆದ್ದರಿಂದ ಖಾಸಗಿ ಆಸ್ಪತ್ರೆಗೆ ಕಾಲಿಡುವ ಮೊದಲೇ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಂಡು ಕಾಗದ ಸರಿಮಾಡಿಕೊಳ್ಳಬೇಕು.

ವಿವಾದ ನಡೆಯುತ್ತಿರುವಾಗ ಅನೇಕರು ಬೇಸರದಿಂದ ಮಾಡುವ ಒಂದು ಕೆಲಸದಿಂದ ಅವರಿಗೇ ದೊಡ್ಡ ನಷ್ಟವಾಗುತ್ತದೆ: ಪಾಲಿಸಿಯ ನವೀಕರಣ ನಿಲ್ಲಿಸುವುದು. ಹಿಂದಿನ ವರ್ಷ ಕ್ಲೇಮ್ ಮಾಡಿದ್ದಾರೆಂಬ ಕಾರಣಕ್ಕೆ ಕಂಪನಿ ನವೀಕರಣ ನಿರಾಕರಿಸುವಂತಿಲ್ಲ, ಆದರೆ ಪಾಲಿಸಿದಾರರೇ ಬಿಟ್ಟುಬಿಟ್ಟರೆ ಕಾಯುವ ಅವಧಿ, 60 ತಿಂಗಳ ಎಣಿಕೆ ಎಲ್ಲವೂ ಸೊನ್ನೆಯಿಂದ ಶುರುವಾಗುತ್ತವೆ, ಅದೂ ಈಗ ದಾಖಲೆಯಲ್ಲಿರುವ ಕಾಯಿಲೆಯೊಂದಿಗೆ. ಕಂಪನಿಯ ಮೇಲೆ ನಂಬಿಕೆ ಹೋಗಿದ್ದರೆ ನವೀಕರಣದ ದಿನಾಂಕಕ್ಕೆ ಕನಿಷ್ಠ 45 ದಿನ ಮೊದಲೇ ಬೇರೆ ಕಂಪನಿಗೆ ಪೋರ್ಟ್ ಆಗಲು, ಅಂದರೆ ಪಾಲಿಸಿಯನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಲು, ಅರ್ಜಿ ಹಾಕಬಹುದು. ಹಳೆಯ ಪಾಲಿಸಿಯಲ್ಲಿ ಕಳೆದ ವರ್ಷಗಳ ಲೆಕ್ಕ ಹಳೆಯ ವಿಮಾ ಮೊತ್ತದ ಮಟ್ಟಿಗೆ ಜೊತೆಗೇ ಬರುತ್ತದೆ. ಹೊಸ ಕಂಪನಿ ಒಪ್ಪಿಕೊಂಡದ್ದು ಲಿಖಿತವಾಗಿ ಕೈಸೇರುವವರೆಗೆ ಹಳೆಯ ಪಾಲಿಸಿಯನ್ನು ಕೈಬಿಡಬಾರದು. ಹೊಸ ಪ್ರಪೋಸಲ್ ಫಾರಂ ತುಂಬುವಾಗ, ಹಿಂದಿನ ಕ್ಲೇಮ್ ತಿರಸ್ಕಾರವಾದದ್ದನ್ನೂ ಸೇರಿಸಿ, ಕೇಳಿದ ಪ್ರತಿ ಪ್ರಶ್ನೆಗೂ ಇದ್ದದ್ದನ್ನು ಇದ್ದ ಹಾಗೆ ತಮ್ಮ ಕೈಯಿಂದಲೇ ಬರೆಯಬೇಕು.